ಅತ್ತೆಯ ಹಕ್ಕಿಗಳ ದ್ವೀಪ

ಊರಿನ ಯಾವ ಬೀಗವನ್ನಾದರೂ ಎರಡು ನಿಮಿಷದಲ್ಲಿ ತೆಗೆಯಬಲ್ಲ ಅಳಿಯನ ಬಳಿ, ತಾನು ಕೂರುವ ಅಂಗಡಿಯ ಬೀಗದ ಕೈ ಮಾತ್ರ ಇರಲಿಲ್ಲ. ಅದು ಅತ್ತೆಯ ಸೊಂಟದಲ್ಲಿತ್ತು. ಬೀಗ ರಿಪೇರಿಯ ಅಂಗಡಿ ಅವರದು, ಅದರ ಮೇಲಿನ ಮನೆ ಅವರದು, ಹೆಂಡತಿಯೂ ಹೆಚ್ಚುಕಡಿಮೆ ಅವರವಳೇ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಮೆಟ್ಟಿಲ ಕೆಳಗೆ ನಿಂತು, "ಅತ್ತೆ, ಕೀ," ಎಂದು ಕೂಗುತ್ತಿದ್ದ.

"ಬಂದೆ ಅಳಿಯಂದಿರೇ, ಅಂಗಡಿ ಏನು ಓಡಿಹೋಗುತ್ತಾ?" ಎನ್ನುತ್ತ ಅವರು ಒಂದೊಂದೇ ಮೆಟ್ಟಿಲು ಇಳಿಯುವಷ್ಟರಲ್ಲಿ ಎದುರಿನ ಕ್ಷೌರದವನು ಎರಡು ಗಡ್ಡ ಮುಗಿಸಿರುತ್ತಿದ್ದ. "ಏನ್ ಬೀಗದಣ್ಣ, ಇವತ್ತೂ ನಿಂಗೆ ಬೀಗ ತೆಗೆಯೋಕೆ ಬರ್ಲಿಲ್ವಾ?" ಎಂದು ನಗುತ್ತಿದ್ದ.

ಅಂಥದೊಂದು ಬೆಳಿಗ್ಗೆ ಅಳಿಯ ಸಾಯಲು ನಿರ್ಧರಿಸಿದ. ನಿಜವಾಗಿ ಅಲ್ಲ, ಅಷ್ಟು ದಡ್ಡನಲ್ಲ ಅವನು. ಎಲ್ಲರ ಪಾಲಿಗೆ ಸತ್ತು, ದೂರದ ಊರಿನಲ್ಲಿ ಬೇರೆ ಹೆಸರಿನಲ್ಲಿ ಬದುಕುವುದು. ಬದುಕಲು ಅತ್ತೆಯ ಒಡವೆ ಸಾಕು. ಅವರು ತಿಜೋರಿ ತೆಗೆಯುವುದು ವರ್ಷಕ್ಕೊಂದೇ ಸಲ. ಮುಂದಿನ ಸರದಿಗೆ ಒಂಬತ್ತು ತಿಂಗಳಿತ್ತು. ಅವರು ಸ್ನಾನಕ್ಕೆ ಹೋದಾಗ ಸರ, ಬಳೆ, ಓಲೆಗಳನ್ನು ತೆಗೆದುಕೊಂಡು, ಅವನ್ನು ಸುತ್ತಿಟ್ಟಿದ್ದ ಬಟ್ಟೆಯಲ್ಲೇ ಅಷ್ಟೇ ತೂಕದ ಹಳೆಯ ಹಿತ್ತಾಳೆ ಬೀಗದ ಕೈಗಳನ್ನು ಗಂಟು ಕಟ್ಟಿಟ್ಟ. ಗಂಟು ಬಿಚ್ಚುವ ಹೊತ್ತಿಗೆ ತಾನು ಸತ್ತು ಎಷ್ಟೋ ಕಾಲವಾಗಿರುತ್ತದೆ. ಕಡಲ ಪಾಲಾದ ಅಳಿಯನ ಮೇಲೆ ಕಳ್ಳತನ ಹೊರಿಸಲು ಅತ್ತೆಗೂ ನಾಲಗೆ ಏಳಲಾರದು.

ಸಾಯುವುದಕ್ಕೆ ಜಾಗವನ್ನೂ ಅತ್ತೆಯೇ ತೋರಿಸಿಕೊಟ್ಟರು. ಮೊಣಕಾಲು ನೋವಿನಿಂದ ಎಲ್ಲಿಗೂ ಹೋಗಲಾರದ ಅವರು ಹೊತ್ತು ಸಿಕ್ಕಾಗಲೆಲ್ಲ ಟ್ಯಾಬ್ ಹಿಡಿದು ಕಡಲ ಹಕ್ಕಿಗಳ ವಿಡಿಯೊ ನೋಡುತ್ತಿದ್ದರು. ಮೂರು ವರ್ಷದಿಂದ ಅದೇ ವಿಡಿಯೊ: ಕಪ್ಪು ಬಂಡೆ, ಅದರಾಚೆ ಪ್ರಪಾತ, ಮೊರೆಯುವ ಕಡಲು, ಬಿಳಿ ಹಕ್ಕಿಗಳ ಕಿಚಿಪಿಚಿ. "ಕುಂಟಿ ಇವತ್ತು ಗೂಡಿಗೇ ಬಂದಿಲ್ಲ ಕಣೇ," ಎಂದು ಮಗಳ ಹತ್ತಿರ ಪೇಚಾಡಿಕೊಳ್ಳುವರು. ವಯಸ್ಸಾಯಿತು, ಅರಳುಮರಳು ಎಂದುಕೊಳ್ಳುತ್ತಿದ್ದ ಅಳಿಯ. ಮಾತ್ರೆ ಕೊಡುವಾಗ ಅವರ ಭುಜದ ಮೇಲಿಂದ ಅವನೂ ಇಣುಕುತ್ತಿದ್ದ. ಅಲ್ಲಿ ಒಂದು ದಿನವೂ ಒಬ್ಬ ಮನುಷ್ಯ ಕಂಡಿರಲಿಲ್ಲ. ತೆರೆಯ ಮೂಲೆಯಲ್ಲಿದ್ದ ದ್ವೀಪದ ಹೆಸರನ್ನು ಅಂಗೈ ಮೇಲೆ ಬರೆದುಕೊಂಡ.

"ರೀ, ಅಲ್ಲಿ ಒಂದು ಅಂಗಡೀನೂ ಇಲ್ವಂತೆ. ಬರೀ ಕಲ್ಲು," ಎಂದು, ಅವನು ಪ್ರವಾಸದ ಮಾತೆತ್ತಿದಾಗ ಹೆಂಡತಿ ರಾಗ ಎಳೆದಳು.

"ಕಲ್ಲು ಮಾತಾಡಲ್ಲ ನೋಡು, ಅದಕ್ಕೇ."

ಅತ್ತೆ ಮಾತ್ರ ಹಿಗ್ಗಿದರು. "ನನ್ನ ಹಕ್ಕಿಗಳ ಹತ್ರಾನಾ? ಹೋಗಿಬನ್ನಿ ಅಳಿಯಂದಿರೇ. ಕುಂಟಿ ಸಿಕ್ಕಿದ್ರೆ ನಾನು ಕೇಳ್ದೆ ಅನ್ನಿ."

ದ್ವೀಪದ ಮೂರನೆಯ ಬೆಳಿಗ್ಗೆ, ಹೆಂಡತಿ ಇನ್ನೂ ಮಲಗಿದ್ದಾಗ, ಅಳಿಯ ಚೀಲ ಹೆಗಲಿಗೇರಿಸಿ ಬಂಡೆ ಹತ್ತಿದ. ಅಂಚಿನಲ್ಲಿ ಬೂಟುಗಳನ್ನು ಜೋಡಿಸಿಟ್ಟ. ಶರ್ಟು ಮಡಿಸಿ, ಅದರ ಮೇಲೆ ಫೋನು, ಕನ್ನಡಕ ಇಟ್ಟ. ಬೇರೆ ಶರ್ಟು, ಚಪ್ಪಲಿ, ಟೋಪಿ, ಇನ್ನೊಂದು ಕನ್ನಡಕ ಎಲ್ಲ ಚೀಲದಲ್ಲಿದ್ದವು. ಹಿಂದಿನ ಕಾಲುದಾರಿಯಲ್ಲಿ ಇಳಿದರೆ ಹತ್ತು ಗಂಟೆಯ ದೋಣಿ. ಸುತ್ತ ಕಣ್ಣು ಕಿರಿದು ಮಾಡಿ ನೋಡಿದ. ನರಪಿಳ್ಳೆಯೂ ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನನ್ನು ನೋಡುವವರು ಯಾರೂ ಇರಲಿಲ್ಲ. ಅಳಿಯನಿಗೆ ತಡೆಯಲಾಗಲಿಲ್ಲ. ಚೀಲದಲ್ಲಿದ್ದ ಒಡವೆಯ ಗಂಟು ಬಿಚ್ಚಿ ಅತ್ತೆಯ ಸರ ಕೊರಳಿಗೆ ಹಾಕಿಕೊಂಡ, ಬಳೆ ಏರಿಸಿಕೊಂಡ. ಸೊಂಟದ ಮೇಲೆ ಕೈಯಿಟ್ಟು, "ಬಂದೆ ಅಳಿಯಂದಿರೇ, ಅಂಗಡಿ ಏನು ಓಡಿಹೋಗುತ್ತಾ?" ಎಂದು ಕೀರಲು ದನಿಯಲ್ಲಿ ಕೂಗಿದ. ಆಮೇಲೆ ಬನಿಯನ್ನಿನಲ್ಲೇ ಮನಸಾರೆ ಕುಣಿದ. ಗೂಡಿನಿಂದ ಒಂದು ಹಕ್ಕಿ ಕುಂಟುತ್ತ ಈಚೆ ಬಂದು, ಕತ್ತು ಓರೆ ಮಾಡಿ ನೋಡಿ, ರೆಕ್ಕೆ ಬಡಿದು ಹಾರಿತು.

ಎಲ್ಲ ಬಿಚ್ಚಿ, ಗಂಟು ಕಟ್ಟಿ, ಟೋಪಿ ಎಳೆದುಕೊಂಡು ಕೆಳಗಿಳಿದಾಗ ಗಂಟೆ ಹತ್ತಾಗಲು ಎಂಟು ನಿಮಿಷವಿತ್ತು. ಲೆಕ್ಕ ಹಾಕಿದ ಹಾಗೇ.

ದೋಣಿಕಟ್ಟೆಯ ಟಿಕೆಟಿನವನು ಅವನನ್ನು ಮೇಲಿಂದ ಕೆಳಗೆ ನೋಡಿ, ಟಿಕೆಟಿನ ಬದಲು ಕಿಂಡಿಯಿಂದ ಫೋನು ಚಾಚಿದ. "ಹಕ್ಕಿಗಳಿಗೆ ತೊಂದರೆ ಆದ್ರೆ ತಿಳಿಸಿ ಅಂತ ವಿಡಿಯೊ ಕೆಳಗೆ ನಮ್ಮ ನಂಬರ್ ಹಾಕಿದ್ದೀವಿ. ಒಬ್ರು ಅಮ್ಮ ಮಾಡಿದ್ದಾರೆ. ನಿಮ್ಗೇ ಕೊಡ್ಬೇಕಂತೆ." ಅಳಿಯ ತಿರುಗಿ ಬಂಡೆಯತ್ತ ನೋಡಿದ. ಜೀವನವಿಡೀ ಬೀಗದ ಕಿಂಡಿಗಳಿಗೆ ಕಣ್ಣು ಹಚ್ಚಿದವನು, ಅತ್ತೆ ಆ ಹಕ್ಕಿಗಳನ್ನು ನೋಡುವುದು ಯಾವ ಕಿಂಡಿಯಿಂದ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಎಂದೋ ತೆಗೆದ ವಿಡಿಯೊ ಅಲ್ಲ ಅದು. ಬಂಡೆಯ ಬಿರುಕಿನಲ್ಲಿ ಕೂರಿಸಿದ ಕ್ಯಾಮೆರಾ, ಅಲ್ಲಿ ನಡೆದದ್ದನ್ನು ನಡೆಯುತ್ತಿದ್ದಂತೆಯೇ ಅತ್ತೆಯ ಮಡಿಲಿಗೆ ಮುಟ್ಟಿಸುತ್ತಿತ್ತು. "ಅಳಿಯಂದಿರೇ," ಎಂದಿತು ಫೋನು, "ನನ್ನ ದನಿ ಅಷ್ಟೊಂದು ಕೀರಲಾ? ಕುಂಟಿ ಪಾಪ, ಹೆದರಿ ಹಾರಿಹೋದ್ಳು. ಸರ ಹುಷಾರು, ಕೊಂಡಿ ಸಡಿಲ ಇದೆ. ಶರ್ಟು, ಬೂಟು ಮೇಲೇ ಬಿಟ್ಟಿದ್ದೀರಿ, ಹೋಗಿ ತಗೊಳ್ಳಿ. ನನ್ನ ಮಗಳನ್ನೂ ಎಬ್ಬಿಸ್ಕೊಂಡು ನಿಧಾನವಾಗೇ ಬನ್ನಿ. ಅಂಗಡಿ ಏನು ಓಡಿಹೋಗುತ್ತಾ?"