ಒಬ್ಬರ ಬುತ್ತಿ

ಬಾಗಲಕೋಟೆ ಸ್ಟೇಶನ್ನಿನ ತೂಕದ ಮಷೀನಿನ ಮೇಲೆ ಪದ್ಮಾ ಚಪ್ಪಲಿ ಬಿಟ್ಟು ನಿಂತಳು. ಮಾಳಪ್ಪ ನಾಣ್ಯ ಹಾಕಿದ. ಕೆಂಪು ಹಸಿರು ದೀಪಗಳು ಸುತ್ತಿ ಸುತ್ತಿ ನಿಂತವು. ಟಕ್ಕೆಂದು ಚೀಟಿ ಬಿತ್ತು. ಅವಳು ಕೈ ಚಾಚುವ ಮೊದಲೇ ಅವನು ಅದನ್ನು ಎತ್ತಿಕೊಂಡ.

“ಎಷ್ಟೈತಿ ಹೇಳು.”

“ಮೊದಲ ಭವಿಷ್ಯ ಓದ್ತೇನಿ. ನಿಮ್ಮ ಮ್ಯಾಲೆ ಜೀವಾ ಇಟ್ಟವರು ಬಾಜೂಕ ನಿಂತಾರ ಅಂತ ಐತಿ.”

“ಸುಳ್ಳ. ಅದು ಇಂಗ್ಲೀಷಿನ್ಯಾಗ ಇರತೈತಿ.”

“ಹೂಂ, ಅದಕ್ಕ ನಾ ನಿನಗ ತಿಳಿಯೂಹಂಗ ಹೇಳೀನಿ.”

ಚೀಟಿ ಕೊಡುವಾಗ ಅವನ ಬೆರಳು ಅವಳ ಅಂಗೈಯಲ್ಲಿ ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ಉಳಿಯಿತು. ಆಮೇಲೆ ಅವಳ ಮುಂಗೈ ಸುತ್ತ ಹಿಡಿದು ತನ್ನ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿದ. ಹೋದ ತಿಂಗಳು ಮುಟ್ಟಿರಲಿಲ್ಲ.

“ಪಾಸಾದಿ” ಎಂದ. ಅವಳು ನಕ್ಕಳು.

ಅದು ಎಂಬತ್ತಮೂರನೆಯ ಇಸವಿ. ಇಬ್ಬರಿಗೂ ಬಿ.ಎಸ್ಸಿ. ಕೊನೆಯ ವರ್ಷ. ಬೇವೂರಿನ ಪದ್ಮಾ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಚೊಳಚಗುಡ್ಡದ ಮಾಳಪ್ಪ ಕಾಲೇಜಿನ ಹತ್ತಿರ ಖೋಲಿ ಮಾಡಿಕೊಂಡಿದ್ದ. ಎರಡೂ ಮನೆಗಳ ದೇವರು ಬೀರಪ್ಪ, ಹಿರಿಯರಿಗೆ ಒಬ್ಬರನ್ನೊಬ್ಬರು ಗೊತ್ತು. ಕೇಳಿದರೆ ಇಲ್ಲವೆನ್ನಲು ಕಾರಣವೇ ಇರಲಿಲ್ಲ. ಆದರೆ ತಂಗಿ ಸಕ್ರವ್ವನ ಮದುವೆ ಆಗುವ ತನಕ ತನ್ನ ಮಾತು ಎತ್ತಲಾಗದು ಎಂದಿದ್ದ ಮಾಳಪ್ಪ.

ಅಲ್ಲಿಯ ತನಕ ಪದ್ಮಾಳ ಅಪ್ಪ ಸುಮ್ಮನಿರಬೇಕಲ್ಲ. ಕನ್ಯೆ ನೋಡಲು ಜನ ಬರುತ್ತಲೇ ಇದ್ದರು. ಬಂದ ಹೆಂಗಸರು ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಮುಂಗೈ ಹಿಡಿದು, ಬಳೆ ಸರಿಸಿ, ಇದು ಹೊಲಮನಿಗೆ ಬಾಳುವ ಮೈಯೋ ಅಲ್ಲವೋ ಎಂದು ನೋಡುತ್ತಿದ್ದರು. ಉಪಾಯ ಪದ್ಮಾಳದ್ದೇ. ಮುಂಗೈ ಸಣ್ಣದಾದರೆ ಬಂದವರು ತಾವಾಗಿಯೇ ಎದ್ದು ಹೋಗುತ್ತಾರೆ.

ಹೀಗಾಗಿ ಮಧ್ಯಾಹ್ನ ಸ್ಟೇಶನ್ನಿನ ಕೊನೆಯ ಬೆಂಚಿನ ಮೇಲೆ ಅವಳ ಬುತ್ತಿಯನ್ನು ಅವನು ಉಣ್ಣುತ್ತಿದ್ದ. ಅವಳು ಅವನು ಉಣ್ಣುವುದನ್ನು ನೋಡುತ್ತಿದ್ದಳು.

“ಇವತ್ತ ರೊಟ್ಟಿ ನಡುವ ಬೆಣ್ಣಿ ಇಟ್ಟಾರ ನಿಮ್ಮವ್ವ” ಎಂದು ಬೆರಳು ಚೀಪಿ, ನಳದ ಕೆಳಗೆ ಡಬ್ಬಿ ತಿಕ್ಕಿ ತೊಳೆದು ಕೊಡುತ್ತಿದ್ದ. ಡಬ್ಬಿ ತೊಳೆಯುವುದು ಅವನ ಕೆಲಸವಾಗಿತ್ತು. ಆ ತೊಳೆದ ಡಬ್ಬಿಯಲ್ಲಿ ತನ್ನ ಸಂಸಾರವೇ ಇದೆ ಎನ್ನುವಂತೆ ಅವಳು ಅದನ್ನು ಎದೆಗವಚಿಕೊಂಡು ಬಸ್ಸು ಹತ್ತುತ್ತಿದ್ದಳು.

ಮನೆಯಲ್ಲಿ ಅವ್ವ ಸಾವಂತ್ರವ್ವ ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ದಿನಾ ಖಾಲಿ ಬರತೈತಿ. ಆ ರೊಟ್ಟಿ ಎಲ್ಲಿ ಹೋಗ್ತಾವ ನಿನ್ನ ಮೈಯಾಗ?”

“ಡಯಟಿಂಗ್ ಅಂತಾರ ಅವ್ವಾ ಇದಕ್ಕ. ರೊಟ್ಟಿ ತಿಂತೇನಿ, ಬೆಣ್ಣಿ ತಗದಿಡ್ತೇನಿ. ನಮ್ಮ ಕಾಲೇಜಿನ ಹುಡಿಗ್ಯಾರು ಎಲ್ಲಾರೂ ಮಾಡ್ತಾರ.”

“ಅವರ ಅವ್ವಂದಿರಿಗೆ ನಿದ್ದಿ ಬರತೈತೇನ?”

“ಮೈಗೆ ಎಷ್ಟ ಕ್ಯಾಲರಿ ಬೇಕು ಅಂತ ಪುಸ್ತಕದಾಗ ಐತಿ. ನಾ ಸೈನ್ಸ್ ಓದಾಕಿ. ನನ್ನ ಮಾತು ನಂಬವ್ವಾ.”

ಸಾವಂತ್ರವ್ವ ನಂಬಿದಳು. ಮಗಳು ಉಣ್ಣುತ್ತಿಲ್ಲವೆಂದು ತಿಳಿದಿದ್ದರೆ ಬೈದು ಉಣಿಸುತ್ತಿದ್ದಳು. ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂದರೆ ಒಳಗೆ ಕ್ಷಯದಂಥ ಏನೋ ರೋಗವಿದೆ ಎಂದೇ ಅವಳಿಗೆ ಅನ್ನಿಸಿತು. ಗಂಡನಿಗೆ ಹೇಳದೆ ಮಗಳನ್ನು ಸರಕಾರಿ ದವಾಖಾನಿಗೆ ಕರೆದೊಯ್ದು ಎದೆಯ ಎಕ್ಸರೇ ತೆಗೆಸಿದಳು. ಏನೂ ಇಲ್ಲ, ಚಲೋ ಉಣ್ಣಲಿ ಎಂದರು ಡಾಕ್ಟರು. ಆದರೆ ಪಾಳಿಯಲ್ಲಿ ಮಾಳಪ್ಪನ ಊರು ಚೊಳಚಗುಡ್ಡದ ಹುಚ್ಚವ್ವನೂ ಕೂತಿದ್ದಳು. ಅವಳು ಇವರಿಬ್ಬರನ್ನೂ ಕಣ್ಣು ತುಂಬ ನೋಡಿದಳು.

ಮುಂದಿನ ವಾರ ಹುನಗುಂದದಿಂದ ಬಂದವರು ಮುಂಗೈ ಹಿಡಿದು ನೋಡಿ, ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅವ್ವ ಒಲೆಯ ಮುಂದೆ ಕೂತು ಅತ್ತಳು. ಮರುದಿನ ಬೆಂಚಿನ ಮೇಲೆ ಪದ್ಮಾ ಆ ಚಹಾದ ಕಥೆ ಹೇಳಿ ಹೇಳಿ ನಕ್ಕಳು. ಮಾಳಪ್ಪನಿಗೆ ನಕ್ಕು ನಕ್ಕು ರೊಟ್ಟಿ ಗಂಟಲಿಗೆ ಸಿಕ್ಕಿತು.

ಮಾಘದಲ್ಲಿ ಸಕ್ರವ್ವನ ಮದುವೆ. ಪದ್ಮಾ ಅವ್ವನ ಜೊತೆ ಹೋದಳು. ಇಳಕಲ್ ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲದೆ ಎರಡೆರಡು ಪಿನ್ನು ಚುಚ್ಚಬೇಕಾಯಿತು. ದೂರದಿಂದ ಮಾಳಪ್ಪ ಹುಬ್ಬು ಏರಿಸಿ, ಸೀರೆ ಚಂದೈತಿ ಎಂದು ಕಣ್ಣಲ್ಲೇ ಹೇಳಿದ. ಅಷ್ಟರಲ್ಲಿ ಅವನ ತಾಯಿ ಸೋಮವ್ವ “ಬಾ ನನ್ನವ್ವಾ” ಎಂದು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಮುಂಗೈ ಹಿಡಿದು ಬಳೆ ಸರಿಸಿದಳು. ಹಸಿರು ಬಳೆಗಳು ತಡೆಯಿಲ್ಲದೆ ಮೊಣಕೈ ತನಕ ಜಾರಿದವು.

ಸೋಮವ್ವ ಬಳೆಗಳನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ತಂದು, ಕೈ ಬಿಟ್ಟಳು.

ಸೋಮವಾರ ಮಾಳಪ್ಪ ಬೆಂಚಿನ ಮೇಲೆ ಕೂರಲಿಲ್ಲ.

“ಅವ್ವ ಒಲ್ಲೆ ಅಂದ್ಲು.”

“ಯಾಕ?”

“ಹುಚ್ಚವ್ವ ಹೇಳ್ಯಾಳ. ಎಕ್ಸರೇ ಖೋಲಿ ಮುಂದ ನೋಡೀನಿ ಅಂತ.”

“ಡಾಕ್ಟರು ಏನೂ ಇಲ್ಲ ಅಂದದ್ದು ಹೇಳಿದೇನ?”

“ಹೇಳಿದೆ. ಆ ಕೈ ನಾನ ಹಿಡದ ನೋಡೀನಿ, ನನಗ ಹೇಳಬ್ಯಾಡ ಅಂದ್ಲು.” ಅವನು ತಡೆದು ಹೇಳಿದ, “ನೀ ನೋಡು ಹೆಂಗ ಮೈ ತುಂಬಿಕೊಂಡಿ, ಆಕೀನ ಕಟ್ಟಿಕೊಂಡು ದವಾಖಾನಿ ತಿರಗತಿಯೇನು ಅಂದ್ಲು.”

ಪದ್ಮಾ ಅವನ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದಳು. ಕೆನ್ನೆ ತುಂಬಿದ್ದವು. ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿಗಿಯಾಗಿತ್ತು.

“ಅದು ಯಾರ ರೊಟ್ಟಿ ಅಂತ ಹೇಳಿದೇನ?”

ಅವನು ಹಳಿಗಳ ಕಡೆ ನೋಡಿದ. “ಹೆಂಗ ಹೇಳ್ಲಿ ಪದ್ಮಾ? ಒಂದ ವರ್ಷ ಹುಡಿಗಿ ಬುತ್ತಿ ಉಂಡೇನಿ ಅಂದ್ರ ಮಂದಿ ನಗ್ತಾರ. ಅವ್ವಗ ನಾ ಹೆಂಗ ಮುಖಾ ತೋರಿಸ್ಲಿ?”

“ಮುಂಗೈ ಮುಟ್ಟಿ ಪಾಸಾದಿ ಅಂದಾಂವ ನೀನ ಹೌದಿಲ್ಲೋ?”

ಅವನು ಜೇಬಿನಿಂದ ನಾಣ್ಯ ತೆಗೆದ. “ಸ್ವಲ್ಪ ತಡಿ. ನೀ ಮತ್ತ ಉಂಡು ಮೊದಲಿನಂಗ ಆದ್ರ, ಆಮ್ಯಾಲೆ ಮತ್ತ ಕೇಳಿ ನೋಡ್ತೇನಿ. ಬಾ, ಇವತ್ತ ಎಷ್ಟೈತಿ ನೋಡೂಣು.”

“ನೀ ಹತ್ತು. ನಮ್ಮವ್ವನ ರೊಟ್ಟಿ ಎಷ್ಟ ತೂಗತಾವ ನಾನೂ ನೋಡ್ತೇನಿ.”

ಅವನು ಹತ್ತಲಿಲ್ಲ. ನಾಣ್ಯ ಮುಷ್ಟಿಯಲ್ಲೇ ಉಳಿಯಿತು.

ಪದ್ಮಾ ಬೆಂಚಿನ ಮೇಲೆ ಕೂತು ಡಬ್ಬಿ ತೆರೆದಳು. ಮೊದಲ ತುತ್ತು ಇಳಿಯಲಿಲ್ಲ. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಮೂರನೆಯ ತುತ್ತಿಗೆ ಹಸಿವು ಎಂಬುದು ನೆನಪಾಯಿತು, ಒಂದು ವರ್ಷದ್ದು ಒಮ್ಮೆಲೇ. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ನಡುವೆ ಅಡಗಿಸಿಟ್ಟ ಬೆಣ್ಣೆ. ಅವನು ರೂಢಿಯಂತೆ ಅಲ್ಲೇ ನಿಂತಿದ್ದ, ಕರೆಯಬಹುದು ಎಂಬಂತೆ. ಅವಳು ಕೊನೆಯ ಚೂರನ್ನೂ ತಾನೇ ತಿಂದಳು.

“ಕ್ಲಾಸಿಗೆ ಹೊತ್ತಾತು. ಹೋಗು” ಎಂದಳು.

ಅವನ ಕೈ ಡಬ್ಬಿಯ ಕಡೆಗೆ ಬಂತು, ತೊಳೆದು ಕೊಡಲೆಂದು. ಅವಳು ಮುಚ್ಚಳ ಹಾಕಿ ಚೀಲಕ್ಕೆ ಇಳಿಸಿದಳು.

ಸಂಜೆ ಸಾವಂತ್ರವ್ವ ಡಬ್ಬಿ ತೆರೆದಳು. ತಳದಲ್ಲಿ ಚಟ್ನಿಯ ಎಣ್ಣೆ, ಅಂಚಿಗೆ ರೊಟ್ಟಿಯ ಚೂರು. ಒಂದು ದಿನವೂ ಹಾಗೆ ತೊಳೆಯದೆ ಬಂದದ್ದಿಲ್ಲ. ಡಬ್ಬಿಯಿಂದ ಕಣ್ಣೆತ್ತಿ ಮಗಳ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಗುರೆಳ್ಳಿನ ಕಪ್ಪು ಉಳಿದಿತ್ತು.

“ಇವತ್ತ ನೀ ಉಂಡಿ.”

“ಹೂಂ ಅವ್ವಾ.”

“ಇಷ್ಟ ದಿನ ಯಾರಿಗೆ ಹಾಕಿದಿ?”

ಪದ್ಮಾ ಬೆರಳು ಮಡಚಿಕೊಂಡಳು. “ಹಸದವರು ಒಬ್ರಿದ್ರು. ಅವರ ಹೊಟ್ಟಿ ತುಂಬೇತಿ.”

ಸಾವಂತ್ರವ್ವ ಹೆಸರು ಕೇಳಲಿಲ್ಲ. ಒಲೆಗೆ ಒಂದು ಕಟ್ಟಿಗೆ ನೂಕಿ, ಹಿಟ್ಟಿನ ಡಬ್ಬಿಯ ಮುಂದೆ ಕೂತು, ಮುಖ ತಿರುಗಿಸದೆಯೇ ಕೇಳಿದಳು:

“ನಾಳಿಗೆ ಎಷ್ಟ ಕಟ್ಟಲಿ?”

“ಒಬ್ರಿಗೆ ಆಗೂವಷ್ಟ.”