ಫಾರ್ಮ್ಯಾಟ್ ಒತ್ತಬ್ಯಾಡ್ರಿ

"ಅದನ್ನ ಒತ್ತಬ್ಯಾಡ್ರಿ..."

ಶೀತಲಳ ಹೆಬ್ಬೆರಳು ಫೋನಿಗೆ ತಾಗುವ ಮೊದಲೇ ಅವನು ಅವಳ ಮಣಿಕಟ್ಟು ಹಿಡಿದುಬಿಟ್ಟಿದ್ದ.

ಬೆಚ್ಚಿ ತಲೆಯೆತ್ತಿದಳು. ಗುರುತಿಲ್ಲದ ಗಂಡಸು! ತಾನೇನು ಮಾಡಿದೆ ಎಂದು ಅವನಿಗೂ ಆಗಲೇ ಹೊಳೆದಿರಬೇಕು. ತಟ್ಟನೆ ಕೈ ಬಿಟ್ಟ.

"ತಪ್ಪಾತ್ರಿ. ಆದ್ರ ಅದು ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತಿ. ಹೂಂ ಅಂದ್ರ ಕಾರ್ಡಿನ್ಯಾಗ ಇರೂದೆಲ್ಲಾ ಹೋಗತೈತಿ."

"ಮೊಬೈಲ್ ಅಂಗಡಿಯವರು ಹಂಗ ಮಾಡ್ರಿ ಅಂದ್ರು..."

"ಕಾರ್ಡ್ ಸರಿಯಾಗತೈತಿ. ಒಳಗ ಇದ್ದದ್ದು ಬೇಕೋ ಬ್ಯಾಡೋ?"

ಬೇಕೋ ಬ್ಯಾಡೋ! ಅವಳ ಕಣ್ಣು ತುಂಬಿ ಬಂತು.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಮದುವೆ ವಿಡಿಯೋ ಮಾಡುವ ಪುಟ್ಟ ಸ್ಟುಡಿಯೋ ಅದು. ಅವನು ಅದರ ಮಾಲೀಕ, ವಿನಯ. ಮೊಬೈಲ್ ಅಂಗಡಿಯವನ ಮಾತು ನಂಬಲಾಗದೆ, ವಿಡಿಯೋ ಕೆಲಸದವರಿಗೆ ಬೇರೇನಾದರೂ ಗೊತ್ತಿರಬಹುದೆಂದು ಶೀತಲ ಅಲ್ಲಿಗೆ ಬಂದಿದ್ದಳು. ಅವನು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದುದರಿಂದ ತಡೆಯಲಾರದೆ ತಾನೇ ಒತ್ತಲು ಹೋಗಿದ್ದಳು.

ಶೀತಲ ಪಾರಿಶ್ವಾಡದವಳು. ಖಾನಾಪುರದ ಹಾಲಿನ ಡೇರಿಯ ಕಚೇರಿಯಲ್ಲಿ ಕೆಲಸ. ಅವಳ ಅಪ್ಪ ಮೈಲಾರಲಿಂಗ ಡೊಳ್ಳಿಗೆ ನಿಂತರೆ ಸುತ್ತಲ ಊರಿನವರು ಓಡಿ ಬರುತ್ತಿದ್ದರು. ಆದರೆ ಆ ಮನೆಯ ಹೆಂಗಸರು ಯಾರೂ ಡೊಳ್ಳು ಮುಟ್ಟಿದ್ದಿಲ್ಲ.

ಶೀತಲ ಮುಟ್ಟಿದ್ದಳು... ಅಪ್ಪನಿಗೆ ಹೇಳದೆ.

ಖಾನಾಪುರದ ಹಳೆಯ ಗೋದಾಮೊಂದರಲ್ಲಿ, ಎರವಲು ತಂದ ಡೊಳ್ಳುಗಳಲ್ಲಿ ಅವಳೂ ಗೆಳತಿಯರೂ ತಿಂಗಳುಗಟ್ಟಲೆ ಬೆವರು ಸುರಿಸಿ ಕಲಿತಿದ್ದರು. ಬೆಳಗಾವಿಯ ಜಾನಪದ ಉತ್ಸವಕ್ಕೆ ತಂಡಗಳ ವಿಡಿಯೋ ಕೇಳಿದ್ದರು; ತಮ್ಮದನ್ನು ಶೀತಲಳ ಫೋನಿನಲ್ಲಿ ಹಿಡಿದಿಟ್ಟಿದ್ದರು. ಕಳಿಸಲು ಇವತ್ತು ಸಂಜೆಯೇ ಕೊನೆ. ಎರವಲು ಡೊಳ್ಳು ವಾಪಸ್ಸು ಹೋಗಿದ್ದವು, ಹುಡುಗಿಯರು ಚದುರಿದ್ದರು. ಮತ್ತೊಮ್ಮೆ ಚಿತ್ರೀಕರಿಸುವಂತಿರಲಿಲ್ಲ. ಬೆಳಿಗ್ಗೆ ನೋಡಿದರೆ, ಫೋನು ಮೆಮೊರಿ ಕಾರ್ಡೇ ಇಲ್ಲ ಅನ್ನುತ್ತಿತ್ತು! ಆಫ್ ಮಾಡಿ ಆನ್ ಮಾಡಿದಳು. ಕಾರ್ಡು ತೆಗೆದು ದುಪಟ್ಟಾದ ಅಂಚಿನಿಂದ ಒರೆಸಿ ಮತ್ತೆ ಹಾಕಿದಳು. ಆಗ ಕಾರ್ಡು ಕೆಟ್ಟಿದೆ ಎಂದಿತು.

"ಕುಂದರ್ರಿ. ನೋಡೂಣು," ಅಂದ ವಿನಯ.

ಮೊದಲು ಆ ಕಾರ್ಡನ್ನು ತನ್ನ ಫೋನಿಗೆ ಹಾಕಿದ. ಅಲ್ಲೂ ಅದೇ ಮಾತು.

"ಅಂದ್ರ ನಿಮ್ಮ ಫೋನಿಂದು ತಪ್ಪಿಲ್ಲ. ಕಾರ್ಡಿಂದ."

ಕಂಪ್ಯೂಟರಿಗೆ ಸಿಕ್ಕಿಸಿದ. ಏನೂ ಕಾಣಲಿಲ್ಲ.

"ಬ್ಯಾರೆ ಪೋರ್ಟಿಗೆ ಸಿಗಿಸಿ ನೋಡ್ರಿ," ಅಂದಳು ಶೀತಲ. ಹಾಗೆ ಮಾಡಿದಾಗ ಕಾರ್ಡಿನ ಹೆಸರು ಮೂಡಿತು! ಕಂಪ್ಯೂಟರೂ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಇಬ್ಬರೂ ಒಟ್ಟಿಗೇ "ಬ್ಯಾಡ" ಅಂದರು. ಒಬ್ಬರನ್ನೊಬ್ಬರು ನೋಡಿ ನಕ್ಕರು.

ಅಳಿದುಹೋದ ಫೈಲುಗಳನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಚ್ಚಿದ. ಅದು ಆಮೆಯಂತೆ ಸಾಗಿತು. ಚಹಾ ಬಂತು, ಆರಿಹೋಯಿತು. ಶೀತಲ ಗೋದಾಮಿನ ಕತೆಯನ್ನೆಲ್ಲಾ ಹೇಳಿದಳು. ಅಪ್ಪನ ಕತೆಯನ್ನೂ.

*ಇವನಿಗೆ ಯಾಕ ಇಷ್ಟೆಲ್ಲಾ ಹೇಳಾಕತ್ತೀನಿ ನಾ?*

ಕೊನೆಗೆ ಅವನು ಒಂದು ಫೈಲ್ ಒತ್ತಿದ. ಡೊಳ್ಳಿನ ಸದ್ದು ಸ್ಟುಡಿಯೋದ ಗಾಜು ನಡುಗಿಸಿತು!

ಶೀತಲ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ವಿನಯ ವಿಡಿಯೋ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

ಅಲ್ಲಿಂದಲೇ ಉತ್ಸವಕ್ಕೆ ವಿಡಿಯೋ ಕಳಿಸಿ, ಅವಳ ಫೋನಿಗೂ ಒಂದು ಪ್ರತಿ ಹಾಕಿಕೊಂಡರು. ಆಮೇಲೆ ಅವನು ಕಾರ್ಡನ್ನು ಅವಳ ಫೋನಿನಲ್ಲೇ ಫಾರ್ಮ್ಯಾಟ್ ಮಾಡಿಸಿದ. ಫೋನು ಅದನ್ನು ಗುರುತಿಸಿತು.

"ಆದ್ರೂ ಇದನ್ನ ಇನ್ನ ನಂಬಬ್ಯಾಡ್ರಿ. ಹೊಸಾದು ತಗೋರಿ. ನನ್ನ ಕಂಪ್ಯೂಟರಿನ್ಯಾಗ ಇರೂ ವಿಡಿಯೋ ಅಳಸಲೇನ್ರಿ?"

"ಇರಲಿ. ನಿಮ್ಮ ಕಡೆನೂ ಒಂದು ಇರಲಿ."

ಫೋನು ಮಾಡಲು ಮೊದಮೊದಲು ನೆಪ ಬೇಕಿತ್ತು. ಆಮೇಲೆ ನೆಪವೂ ಬೇಕಾಗಲಿಲ್ಲ. ತಂಡ ಆಯ್ಕೆಯಾದ ಸುದ್ದಿ ಬಂದಾಗ ಅವಳು ಮೊದಲು ಹೇಳಿದ್ದು ಅವನಿಗೆ.

ಆ ವಾರವೇ ಪಾರಿಶ್ವಾಡದ ಎಲ್ಲರ ಫೋನಿನಲ್ಲೂ ಅದೇ ವಿಡಿಯೋ!

ಅಪ್ಪ ಬಯ್ಯಲಿಲ್ಲ. ಊಟದ ತಾಟು ಸರಿಸಿ ಎದ್ದುಹೋದ. ಅದು ಬೈಗುಳಕ್ಕಿಂತ ಕೆಟ್ಟದಾಗಿ ಚುಚ್ಚಿತು.

ಶೀತಲ ಹೊರಗೆ ಬಂದಳು. ವಿನಯನಿಗೆ ಫೋನು ಹಚ್ಚಿದಳು.

"ನಿಮ್ಮನ್ನ ನಂಬಿದ್ದೆ."

"ಶೀತಲ ಅವರ... ನಾ ಯಾರಿಗೂ ಕೊಟ್ಟಿಲ್ಲ."

"ಮತ್ಯಾರ ಕಡೆ ಇತ್ತು ಅದು?"

ಉತ್ತರ ಕೇಳುವ ಮೊದಲೇ ಫೋನು ಇಟ್ಟಳು. ಅವನು ಮತ್ತೆ ಮಾಡಲಿಲ್ಲ.

*ತಪ್ಪು ಮಾಡದವನಾಗಿದ್ರ ಮತ್ತ ಫೋನ್ ಮಾಡತಿದ್ದ...*

ಮೂರನೆಯ ಸಂಜೆ ಅಪ್ಪ ಅಂಗಳದಲ್ಲಿ ಕೂತು ಕರೆದ.

"ವಿಡಿಯೋದಾಗ ನಡುವ ನಿಂತಾಕಿ ನೀನ ಏನು?"

"ಹೂಂ ಅಪ್ಪ."

"ಎಡಗೈ ಹೊಡತ ಸಪ್ಪಗ ಬೀಳಾಕತ್ತೈತಿ."

ಅವಳಿಗೆ ಕೇಳಿದ್ದು ನಿಜವೇ ಎಂದು ತಿಳಿಯಲಿಲ್ಲ. ಮೈಲಾರಲಿಂಗ ಎದ್ದು ಗೋಡೆಯ ಮೇಲಿನ ಡೊಳ್ಳು ಇಳಿಸಿ, ಮಗಳ ಕೊರಳಿಗೆ ತಾನೇ ಪಟ್ಟಿ ಹಾಕಿದ.

"ನಮ್ಮವ್ವ ಸಿದ್ದಕ್ಕ ಬಾಗಲದ ಹಿಂದ ನಿಂತು ಕೈಯಾಗ ತಾಳ ಹಾಕತಿದ್ಲು. ನಾವು ಯಾರೂ ಆಕಿಗೆ ಡೊಳ್ಳು ಕೊಡಲಿಲ್ಲ... ನನಗ ಸಿಟ್ಟು ಬಂದಿದ್ದು ನೀ ಬಾರಿಸಿದ್ದಕ್ಕಲ್ಲವ್ವ. ಊರಿಗೆಲ್ಲಾ ಗೊತ್ತಾದ ಮ್ಯಾಗ ನನಗ ಗೊತ್ತಾತಲ್ಲ, ಅದಕ್ಕ."

ಹುಡುಗಿಯರು ಮತ್ತೆ ಕೂಡಿದರು. ಅಂದಿನಿಂದ ಡೊಳ್ಳು ಹೊಂದಿಸಿಕೊಟ್ಟು, ಗೋದಾಮಿನಲ್ಲಿ ಗುರುವಾಗಿ ಅಪ್ಪನೇ ನಿಂತ. ಹುಡುಗಿಯರ ಕೈಗೆ ಬೊಬ್ಬೆ ಬಂದವು, ಹೊಡೆತಗಳು ಗಟ್ಟಿಯಾದವು.

ಅಲ್ಲಿಯೇ ಒಂದು ಮಧ್ಯಾಹ್ನ ತಂಡದ ನಿಖಿತಾ ಹತ್ತಿರ ಬಂದು ಕೂತಳು.

"ಅಕ್ಕ, ಸಿಟ್ಟಾಗಬ್ಯಾಡ. ನೀ ನಮಗೆಲ್ಲಾ ವಿಡಿಯೋ ಕಳಿಸಿದ್ದಿ ಅಲ್ಲಾ... ನಾ ಖುಷೀಲೆ ಸ್ಟೇಟಸ್‌ಗೆ ಇಟ್ಟಿದ್ದೆ. ಅಲ್ಲಿಂದ ಎಲ್ಲರ ಕಡೆ ಹೋತು."

ಯಾರ ಕಡೆ ಇತ್ತು ಎಂದು ವಿನಯನನ್ನು ಕೇಳಿದ್ದ ಶೀತಲ, ತಾನೇ ಗೆಳತಿಯರಿಗೆಲ್ಲಾ ಕಳಿಸಿದ್ದಳಲ್ಲ!

ಫೋನು ಮಾಡಿದಳು, ಎತ್ತಲಿಲ್ಲ. ಬೆಳಗಾವಿಗೆ ಓಡಿದಳು. ಸ್ಟುಡಿಯೋಗೆ ಬೀಗ. ಮದುವೆ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೋಗಿದ್ದಾನೆ ಎಂದರು ಬಾಜು ಅಂಗಡಿಯವರು. "ತಪ್ಪು ನಂದು. ಎದುರಿಗೆ ನಿಂತು ಹೇಳಬೇಕು" ಎಂದು ಸಂದೇಶ ಬರೆದಳು. ಉತ್ಸವದ ದಿನ, ಜಾಗ ಎರಡನ್ನೂ ಬರೆದಳು.

ಉತ್ತರ ಬರಲಿಲ್ಲ.

ಉತ್ಸವದ ಸಂಜೆ ವೇದಿಕೆ ಏರುವಾಗ ಅವಳು ಜನರ ಕಡೆ ನೋಡಲಿಲ್ಲ. ನೋಡಿದರೆ ಅವನನ್ನೇ ಹುಡುಕುತ್ತೇನೆ ಎಂಬ ಭಯ.

ಮೊದಲ ಹೊಡೆತ ಬಿತ್ತು. ಆಮೇಲೆ ಭಯಕ್ಕೆ ಜಾಗವಿರಲಿಲ್ಲ. ಹುಡುಗಿಯರು ಕುಣಿದರು, ಬಾಗಿದರು, ಗಿರಗಿರ ತಿರುಗಿದರು. ಶೀತಲಳ ಎಡಗೈ ಗುಡುಗಿತು. ಕೊನೆಯ ಸದ್ದು ನಿಂತಾಗ ಮೈದಾನಕ್ಕೆ ಮೈದಾನವೇ ಎದ್ದು ನಿಂತಿತ್ತು! ಮುಂದಿನ ಸಾಲಿನಲ್ಲಿ ಮೈಲಾರಲಿಂಗ ತಲೆಗೆ ಸುತ್ತಿದ ಪಟಗದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಅವನ ಹಿಂದಿನ ಸಾಲಿನಲ್ಲಿ... ವಿನಯ.

ಡೊಳ್ಳು ಕೊರಳಲ್ಲಿದ್ದಂತೆಯೇ ಶೀತಲ ಇಳಿದು ಬಂದಳು. ಅವನ ಪಕ್ಕದಲ್ಲಿ ಹಿರಿಯ ಹೆಂಗಸೊಬ್ಬರಿದ್ದರು, ಅವನ ತಾಯಿ ಗಂಗಾದೇವಿ. ಇದ್ದರೇನಂತೆ!

"ತಪ್ಪು ನಂದ ವಿನಯ ಅವರ. ಕೇಳದ ಫೋನ್ ಇಟ್ಟೆ."

"ನಾನೂ ಮತ್ತ ಮಾಡಲಿಲ್ಲಲ್ರಿ. ಸೊಕ್ಕು ನಂದೂ ಇತ್ತು."

"ಸೊಕ್ಕು ಮಾಡಿ ಉಪಾಸ ಬಿದ್ದಿದ್ದನವ್ವ," ಎಂದರು ಗಂಗಾದೇವಿ. "ಆ ಡೊಳ್ಳಿನ ವಿಡಿಯೋ ನನಗೂ ತೋರಿಸಿಲ್ಲ. ಆಕಿನ್ನ ಕೇಳದ ತೋರಸಾಂಗಿಲ್ಲ ಅಂದ. ಅದಕ್ಕ ಖುದ್ದು ನೋಡಾಕ ಬಂದೆ."

ಅಷ್ಟರಲ್ಲಿ ಮೈಲಾರಲಿಂಗ ಹತ್ತಿರ ಬಂದ. "ಯಾರವ್ವ ಇವರು?"

ಶೀತಲ ಉಸಿರು ಎಳೆದುಕೊಂಡಳು. ಇನ್ನು ಮೇಲೆ ಏನಿದ್ದರೂ ಅಪ್ಪನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಬೇಕು.

"ವಿನಯ ಅಂತ, ಅಪ್ಪ. ನಾ ಇವರನ್ನ ಮದುವಿ ಆಗಬೇಕಂತ ಮಾಡೀನಿ. ಇವರಿಗೆ ಇನ್ನೂ ಹೇಳಿಲ್ಲ."

ವಿನಯನ ಕಿವಿ ಕೆಂಪಾದವು. ಗಂಗಾದೇವಿ ಸೆರಗು ಬಾಯಿಗೆ ಹಿಡಿದು ನಕ್ಕರು. ಮೈಲಾರಲಿಂಗ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮತ್ತ, ಏನಂತೀರಿ?"

"ನಾನೂ ಅದನ್ನ ಹೇಳಾಕ ಬಂದಿದ್ದೆರಿ," ಅಂದ ವಿನಯ. "ನಿಮ್ಮ ಮಗಳು ಮೊದಲು ಹೇಳಿಬಿಟ್ರು."

ಹಿರಿಯರಿಬ್ಬರೂ ಮಾತಾಡುತ್ತಾ ಮುಂದೆ ಹೋದರು. ವಿನಯ ಅವಳ ಕೊರಳಿನಿಂದ ಡೊಳ್ಳು ಇಳಿಸಿಕೊಂಡ. ಅದರ ಭಾರಕ್ಕೆ ತುಸು ವಾಲಿದ.

"ಭಾಳ ಭಾರ ಐತ್ರಿ ಇದು."

"ರೀ ಅನ್ನೂದು ಯಾವಾಗ ಬಿಡತೀರಿ?"

"ನೀವು ಬಿಟ್ಟ ಮ್ಯಾಗ."

ಅವಳು ಅವನ ಬೆರಳು ಹಿಡಿದುಕೊಂಡಳು.

"ಬಿಟ್ಟೆ. ನಡಿ, ಹಸಿವಾಗೈತಿ. ಊಟಕ್ಕ ಹೋಗೂಣು."