ಬಿಟ್ಟಿ ಸೀಟಿನ ಪೈಲಟ್

ಪೆಟ್ಟಿಗೆ ಖಾಲಿ ಇತ್ತು.

ವಿಮಾನ ಬಂದು ನಿಂತು ಹತ್ತು ನಿಮಿಷವಾಗಿತ್ತು. ನೂರ ಅರವತ್ತು ಜನ ಇಳಿದು ಹೋಗಿದ್ದರು. ಉಳಿದವನು ಒಬ್ಬನೇ, ನಾಲ್ಕನೇ ಸಾಲಿನ ಸಿ ಸೀಟಿನವನು. ಗಗನಸಖಿಯರಿಗೆ ಪ್ರಯಾಣಿಕರ ಹೆಸರು ನೆನಪಿರುವುದಿಲ್ಲ, ಸೀಟಿನ ನಂಬರೇ ಹೆಸರು. ನಾವೂ ಅವನನ್ನು ನಾಲ್ಕು-ಸಿ ಎಂದೇ ಕರೆಯೋಣ.

ನಾಲ್ಕು-ಸಿ ತನ್ನ ಕೈಚೀಲವನ್ನು ಸೀಟಿನ ಮೇಲೆ ಬಿಚ್ಚಿಟ್ಟುಕೊಂಡು ನಿಂತಿದ್ದ. ಕೈಯಲ್ಲಿ ನೀಲಿ ಮಖಮಲ್ಲಿನ ಪುಟ್ಟ ಪೆಟ್ಟಿಗೆ. ಪೆಟ್ಟಿಗೆಯ ನಡುವೆ ದುಂಡನೆಯ ಗುಳಿ. ಗುಳಿಯಲ್ಲಿ ಏನೂ ಇಲ್ಲ.

"ಮೆಡಲ್ ಇತ್ತು," ಎಂದ. "ನಮ್ಮತ್ತೆ ಓಟದಲ್ಲಿ ಗೆದ್ದ ಚಿನ್ನದ ಮೆಡಲ್. ಯಾರೋ ಹೊಡ್ಕೊಂಡು ಹೋಗಿದಾರೆ."

ಆ ವಿಮಾನದ ಹಿರಿಯ ಗಗನಸಖಿಗೆ ಕಂಪನಿಯಲ್ಲೆಲ್ಲ 'ಅಕ್ಕ' ಎಂದೇ ಹೆಸರು. ಅವಳಿಗಿಂತ ಎರಡು ವರ್ಷ ದೊಡ್ಡವರಾದ ಕ್ಯಾಪ್ಟನ್ ಕೂಡ ಅಕ್ಕ ಎನ್ನುತ್ತಿದ್ದರು. ಬೇಡವೆಂದು ಹೇಳಿ ಹೇಳಿ ಅವಳ ಬಾಯಿಯೇ ಸೋತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹಲ್ಲಿನ ಸೆಟ್ಟಿನಿಂದ ಹಿಡಿದು ವಜ್ರದ ಓಲೆಯವರೆಗೆ ಏನೇನನ್ನೋ ಸೀಟಿನ ಸಂದಿಯಿಂದ ತೆಗೆದುಕೊಟ್ಟವಳು ಅವಳು. ಮೊಣಕಾಲೂರಿ ಕುಳಿತು ಟಾರ್ಚ್ ಬಿಟ್ಟಳು. ಸೀಟು ಎತ್ತಿಸಿದಳು. ತಲೆಯ ಮೇಲಿನ ಸಾಮಾನಿನ ಗೂಡಿಗೆ ಕೈ ಹಾಕಿ ಸವರಿದಳು. ಧೂಳು ಬಂತು, ಮೆಡಲ್ ಬರಲಿಲ್ಲ.

"ಯಾರ ಮೇಲಾದ್ರೂ ಅನುಮಾನ ಇದೆಯಾ ಸಾರ್?"

ನಾಲ್ಕು-ಸಿ ಮುಂದಕ್ಕೆ ನೋಡಿದ. ಕಾಕ್‌ಪಿಟ್ ಬಾಗಿಲಲ್ಲಿ ಪೈಲಟ್ ಸಮವಸ್ತ್ರದ ಒಬ್ಬ ಹುಡುಗಿ ಕ್ಯಾಪ್ಟನ್ ಜೊತೆ ಮಾತಾಡುತ್ತ ನಿಂತಿದ್ದಳು. ಕಾಲ ಬಳಿ ಅವಳ ಚೀಲ.

"ಅವರೇ," ಎಂದ. "ಈಗ ತಾನೇ ಒಳಗೆ ಏನೋ ಪೊಟ್ಟಣ ದಾಟಿಸಿದ್ರು. ನಾನು ಕಣ್ಣಾರೆ ನೋಡ್ದೆ."

ಅಕ್ಕ ಟಾರ್ಚ್ ಆರಿಸಿದಳು. ಆ ಹುಡುಗಿಯನ್ನು ವಿಮಾನಕ್ಕೆ ಹತ್ತಿಸಿಕೊಂಡಿದ್ದೇ ಅವಳು.

* * *

ವಿಮಾನ ನಿಲ್ದಾಣದ ಪೊಲೀಸ್ ಕೋಣೆಯಲ್ಲಿ ನಾಲ್ಕು ಉಕ್ಕಿನ ಕುರ್ಚಿ, ಒಂದು ಮೇಜು, ಐದು ನಿಮಿಷ ಮುಂದೆ ಓಡುವ ಒಂದು ಗಡಿಯಾರ. ಇನ್ಸ್‌ಪೆಕ್ಟರ್‌ಗೆ ಗಂಟಲು ಕಟ್ಟಿತ್ತು. ಬಾಯಲ್ಲಿ ಕೆಮ್ಮಿನ ಪೆಪ್ಪರಮಿಂಟು ಹೊರಳಿಸುತ್ತಲೇ ವಿಚಾರಣೆ ನಡೆಸುತ್ತಿದ್ದರು.

"ಟಿಕೆಟ್ ಇಲ್ಲ?"

"ಇಲ್ಲ ಸಾರ್," ಎಂದಳು ಹುಡುಗಿ.

"ಈ ವಿಮಾನದ ಸಿಬ್ಬಂದಿನೂ ಅಲ್ಲ?"

"ಅಲ್ಲ ಸಾರ್. ನಾನು ಬೇರೆ ಕಂಪನಿ ಕೋ-ಪೈಲಟ್."

"ಮತ್ತೆ ಹೇಗೆ ಬಂದ್ರಿ?"

"ಲಿಫ್ಟ್ ಕೇಳಿ."

ಇನ್ಸ್‌ಪೆಕ್ಟರ್ ಪೆಪ್ಪರಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿದರು. "ನಾನು ಬೈಕಿಗೆ ಲಿಫ್ಟ್ ಕೇಳೋದು ನೋಡಿದೀನಿ, ಲಾರಿಗೂ ನೋಡಿದೀನಿ. ವಿಮಾನಕ್ಕೂ ಕೇಳ್ತಾರಾ?"

"ಕೇಳ್ತಾರೆ ಸಾರ್," ಎಂದಳು ಗೋಡೆಗೆ ಆತು ನಿಂತಿದ್ದ ಅಕ್ಕ. "ಸೀಟು ಉಳಿದಿದ್ರೆ ಒಬ್ಬ ಪೈಲಟ್ ಇನ್ನೊಬ್ಬ ಪೈಲಟ್‌ನ ಕರ್ಕೊಂಡು ಹೋಗ್ತಾನೆ. ಹಗೆ ಕಂಪನಿಯಾದ್ರೂ ಸರಿ. ಕ್ಯಾಪ್ಟನ್ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಆ ಬೆಳಿಗ್ಗೆ ಕ್ಯಾಪ್ಟನ್ ಊಹೂಂ ಅನ್ನುವುದರಲ್ಲೇ ಇದ್ದರು. ಹೊರಡುವ ಹೊತ್ತಿಗೆ ಇನ್ನೊಂದು ಕಾಗದ ತುಂಬಬೇಕಲ್ಲ ಎಂಬ ಸಿಡುಕು. ಅಕ್ಕನೇ, "ಪಾಪ, ಇವತ್ತು ಅವಳಿಗೆ ಕ್ಯಾಪ್ಟನ್ ಆಗೋ ಪರೀಕ್ಷೆಯಂತೆ, ಅವಳ ಕಂಪನಿ ವಿಮಾನ ರದ್ದಾಗಿದೆಯಂತೆ, ಬರ್ಲಿ ಬಿಡಿ," ಎಂದು ಶಿಫಾರಸು ಮಾಡಿದ್ದಳು.

ಪರೀಕ್ಷೆ ಇದ್ದದ್ದು ಮಧ್ಯಾಹ್ನ ಎರಡಕ್ಕೆ, ಊರಾಚೆಯ ತರಬೇತಿ ಕೇಂದ್ರದಲ್ಲಿ. ಮೂರು ವರ್ಷ ಕಾದು ಬಂದ ಸರದಿ. ಕಳ್ಳತನದ ದೂರು ದಾಖಲಾದರೆ ಆ ಕ್ಷಣವೇ ಅವಳ ಪೈಲಟ್ ಗುರುತಿನ ಪಾಸ್ ಅಮಾನತು. ಪಾಸ್ ಇಲ್ಲದೆ ತರಬೇತಿ ಕೇಂದ್ರದ ಬಾಗಿಲು ತೆರೆಯುವುದಿಲ್ಲ. ಇವತ್ತು ತಪ್ಪಿದರೆ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕು. ಅದೂ ಕಳ್ಳಿ ಎಂಬ ಹಣೆಪಟ್ಟಿ ಹೊತ್ತು.

"ಪೊಟ್ಟಣ ಎಲ್ಲಿ?" ಎಂದರು ಇನ್ಸ್‌ಪೆಕ್ಟರ್.

ಕ್ಯಾಪ್ಟನ್ ತಂದು ಮೇಜಿನ ಮೇಲಿಟ್ಟರು. ಬಂಗಾರದ ಬಣ್ಣದ ಕಾಗದ, ಕೆಂಪು ದಾರ. ಇನ್ಸ್‌ಪೆಕ್ಟರ್ ಕೈಗವಸು ಹಾಕಿಕೊಂಡು ಬಿಚ್ಚಿದರು. ಒಳಗೆ ಚಾಕೊಲೇಟು. ಎಂಟು ಗುಳಿ, ಏಳು ಚಾಕೊಲೇಟು.

"ಎಂಟನೇದು?"

ಕ್ಯಾಪ್ಟನ್ ಕೆಮ್ಮಿದರು. "ಅದು ನಾನೇ... ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ."

ಲಿಫ್ಟ್ ಕೊಟ್ಟ ಸಿಬ್ಬಂದಿಗೆ ಇಳಿಯುವಾಗ ಏನಾದರೂ ಸಿಹಿ ಕೊಟ್ಟು ಹೋಗುವುದು ವಾಡಿಕೆ. ಅದನ್ನು ಹೇಳಿದರೆ ಇನ್ಸ್‌ಪೆಕ್ಟರ್ ತಲೆಯಾಡಿಸಿದರು, ಆದರೆ ಪೆನ್ನು ಕೆಳಗಿಡಲಿಲ್ಲ. ಮಹಿಳಾ ಪೇದೆ ಹುಡುಗಿಯ ಚೀಲ ಜಾಲಾಡಿದಳು, ಜೇಬು ತಡಕಿದಳು. ಏನೂ ಸಿಗಲಿಲ್ಲ.

"ಸಿಗದಿದ್ರೆ ತೆಗೆದಿಲ್ಲ ಅಂತಲ್ಲ," ಎಂದರು ಇನ್ಸ್‌ಪೆಕ್ಟರ್. "ಕೈ ಬದಲಾಗಿರಬಹುದು. ಹಾರ್ತಿರೋವಾಗ ನೀವು ಮುಂದಿನ ಟಾಯ್ಲೆಟ್‌ಗೆ ಬಂದಿದ್ರಂತೆ. ನಾಲ್ಕನೇ ಸಾಲು ದಾಟಿಕೊಂಡು."

"ಹಿಂದಿನದ್ರಲ್ಲಿ ಜನ ಇದ್ರು ಸಾರ್."

"ಎಲ್ಲದಕ್ಕೂ ಉತ್ತರ ಇದೆ ನಿಮ್ಮ ಹತ್ರ."

ಹುಡುಗಿ ಅಳಲಿಲ್ಲ. ಗಡಿಯಾರ ನೋಡಿದಳು. ಹನ್ನೊಂದು ಮುಕ್ಕಾಲು. ಅಕ್ಕನಿಗೆ ಅವಳ ಮುಖ ನೋಡಲಾಗಲಿಲ್ಲ. ಒಳ್ಳೇದು ಮಾಡಲು ಹೋಗಿ ಹುಡುಗಿಯನ್ನು ಬಾವಿಗೆ ತಳ್ಳಿದೆನಲ್ಲ ಎಂದುಕೊಂಡಳು.

* * *

ಹನ್ನೆರಡಕ್ಕೆ ಅತ್ತೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟನೆಯ ಬೆನ್ನು, ಮಂಡಿಗೆ ಬಿಗಿದ ಪಟ್ಟಿ. ಸೋದರಳಿಯನನ್ನು ಕರೆದೊಯ್ಯಲು ಬಂದು ಹೊರಗೆ ಕಾದು ಕಾದು ಸಾಕಾಗಿತ್ತು. ಮೆಡಲಿನ ರಿಬ್ಬನ್ ಹರಿದಿದೆಯೆಂದು ಅವನ ಕೈಗೆ ಕೊಟ್ಟಿದ್ದರು. ಹೊಸದು ಹಾಕಿಸಿ ತರುತ್ತೇನೆಂದು ಅವನೇ ಹೇಳಿ ಒಯ್ದಿದ್ದ. ನಾಳೆ ಕ್ರೀಡಾಶಾಲೆಯ ಹುಡುಗಿಯರಿಗೆ ಅವರು ಅದನ್ನು ತೋರಿಸಬೇಕಿತ್ತು.

ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದರು. ಆಮೇಲೆ ಹುಡುಗಿಯ ಕಡೆ ನೋಡಿದರು.

"ಮೆಡಲ್ ಹೋದ್ರೆ ಹೋಗ್ಲಿ," ಎಂದರು ಸೋದರಳಿಯನಿಗೆ. "ಒಂದು ಹೆಣ್ಣುಮಗು ಮೇಲೆ ಸುಳ್ಳು ಅಪವಾದ ಬರಬಾರ್ದು. ಸರಿಯಾಗಿ ನೋಡಿದೀಯಾ ನೀನು?"

"ಎರಡು ಕಣ್ಣಲ್ಲಿ ನೋಡಿದೀನಿ ಅತ್ತೆ."

ಇನ್ಸ್‌ಪೆಕ್ಟರ್ ಒಂದು ಹಾಳೆಯನ್ನು ಅಕ್ಕನ ಮುಂದೆ ತಳ್ಳಿದರು. "ಇದು ಅವರ ಹೇಳಿಕೆ. ಓದಿ, ನಿಮಗೆ ಗೊತ್ತಿರೋದನ್ನ ಕೆಳಗೆ ಬರೆದು ಸಹಿ ಹಾಕಿ. ಆಮೇಲೆ ದೂರು ದಾಖಲಿಸ್ತೀನಿ."

ಅಕ್ಕ ಓದಿದಳು. ಮೂರನೇ ಸಾಲಿಗೆ ಬಂದು ನಿಂತಳು. ಮತ್ತೆ ಮೊದಲಿನಿಂದ ಓದಿದಳು. ಬೆಳಿಗ್ಗೆಯಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಅರ್ಧ ಇಳಿದಂತಾಯಿತು.

"ಸಾರ್," ಎಂದಳು, "ಸಹಿ ಹಾಕೋಕೆ ಮೊದ್ಲು ಇವರನ್ನ ನಾಲ್ಕು ಮಾತು ಕೇಳ್ಬಹುದಾ?"

"ಕೇಳಿ. ನಾಲ್ಕೇ."

* * *

"ನೀವು ಎಷ್ಟು ಹೊತ್ತಿಗೆ ಹತ್ತಿದ್ರಿ ಸಾರ್?"

"ಮೊದಲೇ ಹತ್ತಿದೆ," ಎಂದ ನಾಲ್ಕು-ಸಿ. "ಸಾಲಲ್ಲಿ ಮೂರನೆಯವನೋ ನಾಲ್ಕನೆಯವನೋ ಇದ್ದೆ."

"ಆಗ ಇವರು ಎಲ್ಲಿದ್ರು?"

"ಬರೆದಿದೀನಲ್ಲ. ಮೊದಲನೇ ಸಾಲಲ್ಲಿ ಕೂತಿದ್ರು. ನಾನು ಬಂದ ಕೂಡ್ಲೇ ಎದ್ದು, ಕೊಡಿ ಸಾರ್ ಇಡ್ತೀನಿ ಅಂತ ನನ್ನ ಚೀಲ ಇಸ್ಕೊಂಡ್ರು. ಮೇಲೆ ಇಟ್ಟಿದ್ದು ಅವರೇ. ಇಡೋವಾಗ ಚೀಲದ ಬಾಯಿಗೆ ಕೈ ಹಾಕಿದ್ರು."

"ಅವರ ಚೀಲ?"

"ನನ್ನದರ ಪಕ್ಕದಲ್ಲೇ ಇತ್ತು. ಮೇಲಿನ ಗೂಡಲ್ಲಿ."

"ಬೇರೆ ಗಗನಸಖಿ ಯಾರಾದ್ರೂ ಇಟ್ಟಿರಬಹುದಾ? ಮರೆತಿರಬಹುದು ನೀವು."

"ಇಲ್ಲಮ್ಮ. ಭುಜದ ಮೇಲೆ ಮೂರು ಪಟ್ಟಿ ಇತ್ತು. ಪೈಲಟ್‌ಗೂ ಗಗನಸಖಿಗೂ ವ್ಯತ್ಯಾಸ ತಿಳಿಯಲ್ವಾ ನನಗೆ? ಇವರೇ."

ಅಕ್ಕ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ನಾಲ್ಕಾಯ್ತು ಸಾರ್. ಇನ್ನು ನಾನು ಹೇಳ್ತೀನಿ. ಲಿಫ್ಟ್ ಕೇಳೋ ಪೈಲಟ್ ಮೊದ್ಲು ಹತ್ತೋ ಹಾಗೇ ಇಲ್ಲ."

"ಅಂದ್ರೆ?"

"ಗೇಟ್ ಹತ್ರ ಕಾಯ್ತಾ ನಿಲ್ಲಬೇಕು. ದುಡ್ಡು ಕೊಟ್ಟು ಬಂದೋರೆಲ್ಲ ಹತ್ತಿದ ಮೇಲೆ, ಸೀಟು ಉಳಿದಿದ್ರೆ ಮಾತ್ರ ಒಳಗೆ ಬರಬೇಕು. ಬಂದ ಕೂಡ್ಲೇ ಕೂರೋ ಹಾಗಿಲ್ಲ. ಕ್ಯಾಪ್ಟನ್ ಮುಂದೆ ನಿಂತು ಗುರುತಿನ ಚೀಟಿ ತೋರಿಸಿ, ಬರಬಹುದಾ ಅಂತ ಕೇಳಬೇಕು. ಮೇಲಿನ ಗೂಡು ಮುಟ್ಟೋ ಹಾಗಿಲ್ಲ, ಅದು ಪ್ರಯಾಣಿಕರದ್ದು. ತನ್ನ ಚೀಲ ತನ್ನ ಕಾಲಡಿ. ಇಳಿಯೋವಾಗ ಎಲ್ಲರೂ ಇಳಿದ ಮೇಲೆ ಕ್ಯಾಪ್ಟನ್‌ಗೆ ಥ್ಯಾಂಕ್ಸ್ ಹೇಳಿ ಕೊನೆಗೆ ಇಳೀಬೇಕು. ಬಿಟ್ಟಿ ಸೀಟಿನ ಮರ್ಯಾದೆ ಅದು."

"ಇದನ್ನೆಲ್ಲ ಯಾರು ಬರೆದಿಟ್ಟಿದಾರೆ?"

"ಯಾರೂ ಬರೆದಿಲ್ಲ ಸಾರ್. ಆದ್ರೆ ಯಾರೂ ಮುರಿಯಲ್ಲ. ಒಂದು ಸಲ ಮುರಿದವರಿಗೆ ಇನ್ನೊಂದು ಸಲ ಸೀಟು ಸಿಗಲ್ಲ. ಈ ಹುಡುಗಿ ಹತ್ತೋ ಹೊತ್ತಿಗೆ ನಾಲ್ಕನೇ ಸಾಲಿನ ಗೂಡನ್ನ ನಾನೇ ಕೈಯಾರೆ ಮುಚ್ಚಿದ್ದೆ. ಇವಳು ಸೀದಾ ಇಪ್ಪತ್ತೇಳನೇ ಸಾಲಿಗೆ ಹೋಗಿ ಕೂತಳು."

"ಬಾಯಿ ಮಾತು," ಎಂದ ನಾಲ್ಕು-ಸಿ. ದನಿ ಸ್ವಲ್ಪ ಏರಿತ್ತು. "ಇವರೆಲ್ಲ ಒಂದೇ ಗುಂಪು."

"ಹಾಗಾದ್ರೆ ಕಾಗದದ ಮಾತೇ ಆಗ್ಲಿ." ಅಕ್ಕ ಕ್ಯಾಪ್ಟನ್ ಕಡೆ ಕೈ ಚಾಚಿದಳು. ಬೆಳಿಗ್ಗೆ ಅವರು ಗೊಣಗಿಕೊಂಡು ತುಂಬಿದ ಅನುಮತಿ ಚೀಟಿ ಅವರ ಅಂಗಿಯ ಜೇಬಿನಲ್ಲೇ ಮಡಚಿ ಬಿದ್ದಿತ್ತು. ಸಹಿಯ ಪಕ್ಕದಲ್ಲಿ ಸಮಯ: ಎಂಟು ಮೂವತ್ತೊಂದು.

ಇನ್ಸ್‌ಪೆಕ್ಟರ್ ಫೋನ್ ಎತ್ತಿ, ವಿಮಾನ ಹೊರಟ ಊರಿನ ನಿಲ್ದಾಣಕ್ಕೆ ಮಾತಾಡಿದರು. ಗೇಟಿನ ಯಂತ್ರ ಪ್ರತಿ ಟಿಕೆಟನ್ನೂ ನಿಮಿಷ ಸಮೇತ ದಾಖಲಿಸುತ್ತದೆ. ನಾಲ್ಕು-ಸಿ ಹತ್ತಿದ್ದು ಎಂಟು ಎರಡಕ್ಕೆ. ಕೊನೆಯ ಪ್ರಯಾಣಿಕ ಎಂಟು ಇಪ್ಪತ್ತೇಳಕ್ಕೆ. ಆವರೆಗೂ ಹುಡುಗಿ ಗೇಟಿನಾಚೆ ತನ್ನ ಚೀಲದ ಮೇಲೆ ಕುಳಿತಿದ್ದಳೆಂದು ಅಲ್ಲಿಯ ಸಿಬ್ಬಂದಿಯೂ ಹೇಳಿದರು.

ಇನ್ಸ್‌ಪೆಕ್ಟರ್ ಫೋನ್ ಇಟ್ಟರು. "ಅರ್ಧ ಗಂಟೆ ಆಮೇಲೆ ಬಂದವರು ನಿಮ್ಮ ಚೀಲ ಹೇಗೆ ಎತ್ತಿಟ್ರು ಸ್ವಾಮಿ?"

"ಅದು... ಬೇರೆ ಯಾರೋ ಇರಬಹುದು. ಗಡಿಬಿಡೀಲಿ—"

"ಮೂರು ಪಟ್ಟಿ ಎಣಿಸಿದ್ರಲ್ಲ ಈಗ ತಾನೇ."

ಮಾತು ಮುಂದುವರಿಸಿದ್ದು ಅಕ್ಕ. "ವಸ್ತು ಕಳ್ಕೊಂಡವರು ಸುಳ್ಳು ಹೇಳಲ್ಲ ಸಾರ್. ಅಳ್ತಾರೆ, ಬೈತಾರೆ, ನೂರು ಜನರ ಮೇಲೆ ಅನುಮಾನ ಪಡ್ತಾರೆ. ನೋಡದೇ ಇರೋದನ್ನ ನೋಡ್ದೆ ಅನ್ನಲ್ಲ. ಇನ್ನೊಂದು ಮಾತು. ಇಂಥಾ ಮೆಡಲ್ ತರೋರು ಅದನ್ನ ತೊಡೆ ಮೇಲಿಂದ ಇಳಿಸಲ್ಲ. ಇವರು ಮೇಲೆ ಎಸೆದು ಗೊರಕೆ ಹೊಡೀತಾ ಬಂದ್ರು. ಹತ್ತೋಕೆ ಮುಂಚೆ ಎಲ್ಲರ ಕೈಚೀಲನೂ ಎಕ್ಸ್-ರೇ ಯಂತ್ರದೊಳಗೆ ಹೋಗಿರುತ್ತೆ. ಚಿತ್ರ ಸಂಜೆಯವರೆಗೆ ಇಟ್ಟಿರ್ತಾರೆ. ಒಂದು ಸಲ ತರಿಸಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬುದು ಸುಳ್ಳಲ್ಲ. ನಾಲ್ಕು-ಸಿಯ ಕೈ ತಾನಾಗಿಯೇ ಚೀಲದ ಜಿಪ್ಪಿನ ಮೇಲೆ ಹೋಯಿತು.

ಹತ್ತು ನಿಮಿಷದಲ್ಲಿ ಚಿತ್ರ ಇನ್ಸ್‌ಪೆಕ್ಟರ್ ಮೊಬೈಲಿಗೆ ಬಂತು. ಗಡ್ಡ ಕೆರೆಯುವ ಯಂತ್ರ, ಚಾರ್ಜರ್, ಒಂದು ಜೊತೆ ಚಪ್ಪಲಿ. ನಡುವೆ ಪುಟ್ಟ ಪೆಟ್ಟಿಗೆಯ ನೆರಳು. ಲೋಹದ ಬಿಲ್ಲೆ ಇದ್ದಿದ್ದರೆ ಕಪ್ಪಗೆ, ದುಂಡಗೆ ಕಾಣಬೇಕಿತ್ತು. ಪೆಟ್ಟಿಗೆ ಆಗಲೇ ಖಾಲಿ.

"ಮೆಡಲ್ ವಿಮಾನ ಹತ್ತೇ ಇಲ್ಲ," ಎಂದರು ಇನ್ಸ್‌ಪೆಕ್ಟರ್. ಪೆಪ್ಪರಮಿಂಟು ನುಂಗಿಯೇಬಿಟ್ಟಿದ್ದರು.

ಅತ್ತೆ ನಿಧಾನವಾಗಿ ಸೋದರಳಿಯನ ಕಡೆ ತಿರುಗಿದರು. "ಎಲ್ಲಿದೆ?"

ಅವನು ನೆಲ ನೋಡಿದ. "ಮಾರಿಲ್ಲ ಅತ್ತೆ. ಹಳೇ ಮೆಡಲ್ ಸಂಗ್ರಹಿಸೋರೊಬ್ರು ಕೇಳಿದ್ರು. ನಾಳೆ ಬಂದು ತಗೊಂಡು ಹೋಗ್ತೀನಿ ಅಂದಿದ್ರು. ಕಳುವಾಯ್ತು ಅಂದ್ರೆ ನಿಮಗೂ ಅನುಮಾನ ಬರಲ್ಲ ಅಂತ... ಯಾರೋ ಕದ್ರು ಅಂತಷ್ಟೇ ಹೇಳೋಣ ಅಂದ್ಕೊಂಡಿದ್ದೆ. ಅನುಮಾನ ಯಾರ ಮೇಲೆ ಅಂತ ಕೇಳಿದ್ರು. ಇವರು ಎದುರಿಗೆ ಕಂಡ್ರು. ಪೈಲಟ್‌ಗಳು ನಮಗಿಂತ ಮೊದ್ಲೇ ಹತ್ತಿರ್ತಾರಲ್ಲ ಅಂತ ಹಾಗೆ ಹೇಳಿಬಿಟ್ಟೆ."

"ಎಲ್ಲಿದೆ ಅಂದೆ."

"ಮನೆ ಕಪಾಟಲ್ಲಿ. ಕರೀ ಬೂಟಿನೊಳಗೆ."

"ಬೂಟಿನೊಳಗಾ?" ಎಂದರು ಅತ್ತೆ. "ಅದನ್ನ ಗೆಲ್ಲೋವಾಗ ನನ್ನ ಕಾಲಲ್ಲಿ ಬೂಟೇ ಇರ್ಲಿಲ್ಲ ಕಣೋ."

ಅತ್ತೆ ಎದ್ದು ಹುಡುಗಿಯ ಬಳಿ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. "ನಮ್ಮ ಹುಡುಗನಿಂದ ತಪ್ಪಾಯ್ತಮ್ಮ. ನೀನು ಹೊರಡು. ಪರೀಕ್ಷೆ ಎಷ್ಟೊತ್ತಿಗೆ?"

"ಎರಡಕ್ಕೆ."

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. "ಅದು ಐದು ನಿಮಿಷ ಮುಂದಿದೆ," ಎಂದರು ಇನ್ಸ್‌ಪೆಕ್ಟರ್, ತಾವು ಇಟ್ಟುಕೊಂಡಿದ್ದ ಪಾಸನ್ನು ಅವಳ ಕೈಗಿಡುತ್ತ. "ನಮ್ಮ ಜೀಪ್ ಇದೆ, ಬನ್ನಿ. ಇವತ್ತು ನಾವೂ ಒಂದು ಲಿಫ್ಟ್ ಕೊಡ್ತೀವಿ."

* * *

ಮೂರು ಗಂಟೆಗೆ ವಿಮಾನ ಹೊರಟ ಊರಿನ ಪೊಲೀಸರು ನಾಲ್ಕು-ಸಿಯ ಮನೆಗೆ ಹೋಗಿ ಬೂಟು ಬೋರಲು ಹಾಕಿದರು. ಮೆಡಲ್ ಠಣ್ಣೆಂದು ನೆಲಕ್ಕೆ ಬಿತ್ತು. ರಿಬ್ಬನ್ ಇನ್ನೂ ಹಳೆಯದೇ. ಸಂಜೆಯ ವಿಮಾನದಲ್ಲಿ ಅದು ಪೊಲೀಸರ ಜೊತೆ ಬಂತು, ಈ ಸಲ ಒಬ್ಬರ ತೊಡೆಯ ಮೇಲೆ. ನಾಲ್ಕು-ಸಿ ಮಾತ್ರ ಸುಳ್ಳು ದೂರಿನ ಕಾಗದಕ್ಕೆ ಸಹಿ ಹಾಕುತ್ತ ಅದೇ ಉಕ್ಕಿನ ಕುರ್ಚಿಯಲ್ಲಿ ಉಳಿದ.

ಅಕ್ಕ ಮನೆಗೆ ಬಂದು ಬೂಟು ಬಿಚ್ಚುವುದಕ್ಕೂ ಮನಸ್ಸಾಗದೆ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಆರಾಯಿತು. ಆರೂವರೆಯಾಯಿತು. ಬೆಳಿಗ್ಗೆಯಿಂದ ಅಷ್ಟು ಹಿಂಸೆ ತಿಂದ ಹುಡುಗಿ ಪರೀಕ್ಷೆಯ ಅಣಕು ವಿಮಾನದಲ್ಲಿ ಕುಳಿತು ಏನು ಹಾರಿಸಿಯಾಳು, ಒಂದು ಗುಂಡಿ ತಪ್ಪಿದ್ದರೆ ಎಂದು ನೂರೆಂಟು ಯೋಚನೆ. ಏಳಕ್ಕೆ ಫೋನ್ ಬಂತು.

"ಅಕ್ಕಾ," ಎಂದಿತು ಆ ಕಡೆಯ ದನಿ. "ಪಾಸು."

ಅಕ್ಕನ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗುವೂ ಬಂತು. ಎರಡನ್ನೂ ತಡೆಯಲು ಹೋಗಲಿಲ್ಲ.

"ಅಕ್ಕ, ಇದೀರಾ?"

"ಇದೀನಿ ಕ್ಯಾಪ್ಟನ್," ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. "ಇನ್ಮೇಲೆ ಬಾಗಿಲಲ್ಲಿ ಬಂದು ನಿಂತು ಕೇಳೋರು ಬೇರೆಯವರು, ಕೇಳಿಸಿಕೊಳ್ಳೋಳು ನೀನು. ಸೀಟಿದ್ರೆ ಇಲ್ಲ ಅನ್ನಬೇಡ."